ಮಂಡಿನೋವಿಗೆ ಮಂಡಿಯೊಂದನ್ನೇ ನೋಡಿದರೆ ಸಾಲದು: ಮನೆಯಲ್ಲಿ ಪಾಲಿಸಬಹುದಾದ ಹನ್ನೆರಡು ವಾರಗಳ ಕ್ರಮ

ಐವತ್ತು ದಾಟಿದವರಿಗೆ ಮಂಡಿನೋವು ಕಾಣಿಸಿಕೊಂಡಾಗ ನಮ್ಮಲ್ಲಿ ನಡೆಯುವುದು ಬಹುಮಟ್ಟಿಗೆ ಒಂದೇ ಕ್ರಮ. ಎಕ್ಸ್-ರೇ ತೆಗೆಸುತ್ತಾರೆ, ಮಂಡಿ ಸವೆದಿದೆ ಎಂಬ ಮಾತು ಕೇಳಿಕೊಂಡು ಮನೆಗೆ ಬರುತ್ತಾರೆ, ಕೊಟ್ಟಷ್ಟು ದಿನ ಮಾತ್ರೆ ನುಂಗುತ್ತಾರೆ, ಕೆಲವು ದಿನ ಫಿಸಿಯೋಥೆರಪಿಗೆ ಹೋಗಿ ಕರೆಂಟ್ ಕೊಡಿಸಿಕೊಳ್ಳುತ್ತಾರೆ, ಔಷಧಿ ಅಂಗಡಿಯಿಂದ ಮಂಡಿಪಟ್ಟಿ ತಂದು ಕಟ್ಟಿಕೊಳ್ಳುತ್ತಾರೆ. ನೋವು ಸ್ವಲ್ಪ ಇಳಿಯುತ್ತದೆ, ತಿಂಗಳೊಳಗೆ ಮರಳಿ ಬರುತ್ತದೆ. ಇಷ್ಟೆಲ್ಲ ನಡೆಯುವಾಗ ಆ ವ್ಯಕ್ತಿಯ ತೊಡೆಯಲ್ಲಿ ಎಷ್ಟು ಶಕ್ತಿ ಉಳಿದಿದೆ, ರಾತ್ರಿ ಎಷ್ಟು ಹೊತ್ತು ನಿದ್ದೆ ಬರುತ್ತಿದೆ, ದಿನಕ್ಕೆ ಎಷ್ಟು ಸಲ ನೆಲದಿಂದ ಏಳಬೇಕಾಗುತ್ತದೆ, ಬೀಳುವ ಭಯ ಎಷ್ಟಿದೆ ಎಂದು ಕೇಳುವವರು ಅಪರೂಪ. ನನ್ನ ದೃಢವಾದ ಅಭಿಪ್ರಾಯವೆಂದರೆ, ಈ ಪ್ರಶ್ನೆಗಳಿಗೆ ಉತ್ತರ ಹುಡುಕದೆ ಮಾಡುವ ಚಿಕಿತ್ಸೆ ಅರ್ಧದಲ್ಲೇ ನಿಲ್ಲುತ್ತದೆ.

ಸಮಗ್ರ ಚಿಕಿತ್ಸೆ ಎಂಬ ಹೆಸರಿನಲ್ಲಿ ಇಂದು ಏನೇನೋ ಮಾರಾಟವಾಗುತ್ತಿದೆ. ಅಲೋಪಥಿ, ಆಯುರ್ವೇದ, ಅಕ್ಯುಪಂಕ್ಚರ್ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡರೆ ಅದು ಸಮಗ್ರವಾಗಿಬಿಡುವುದಿಲ್ಲ. 1977ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ ಅವರು, ಕಾಯಿಲೆಯನ್ನು ದೇಹದ ಒಳಗಿನ ದೋಷವಾಗಿ ಮಾತ್ರ ನೋಡದೆ ರೋಗಿಯ ಮನಸ್ಸು ಮತ್ತು ಬದುಕಿನ ಸನ್ನಿವೇಶಗಳೊಂದಿಗೆ ಸೇರಿಸಿ ನೋಡಬೇಕೆಂದು ವಾದಿಸಿದರು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡ ವರ್ಗೀಕರಣವೂ ಅದೇ ದಾರಿಯದು: ದೇಹದ ಅಂಗ, ಆ ಅಂಗದಿಂದ ಮಾಡಬೇಕಾದ ಕೆಲಸ, ಕುಟುಂಬ ಹಾಗೂ ಸಮಾಜದಲ್ಲಿ ಪಾಲ್ಗೊಳ್ಳುವಿಕೆ, ಮನೆ ಮತ್ತು ಪರಿಸರ, ಈ ಎಲ್ಲವನ್ನೂ ಒಟ್ಟಿಗೆ ಗಣಿಸಬೇಕೆಂದು ಅದು ಹೇಳುತ್ತದೆ. ಈ ಬರಹ ಆ ಅರ್ಥದಲ್ಲಿ ಸಮಗ್ರ. ಇಲ್ಲಿ ಹೇಳಿರುವುದು ವಯಸ್ಸಿನೊಂದಿಗೆ ಬರುವ ಮಂಡಿಯ ಸಂಧಿವಾತಕ್ಕೆ, ಅಂದರೆ ವೈದ್ಯರು ಆಸ್ಟಿಯೋಆರ್ಥ್ರೈಟಿಸ್ ಎಂದು ಕರೆಯುವ ತೊಂದರೆಗೆ, ಸಂಬಂಧಿಸಿದ್ದು.

ಮನೆಯಲ್ಲಿ ಆರಂಭಿಸುವ ಮೊದಲು

ಎಲ್ಲ ಮಂಡಿನೋವೂ ಸವೆತದ ನೋವಲ್ಲ. ವಯಸ್ಸು ನಲವತ್ತೈದು ದಾಟಿದ್ದು, ನಡೆದಾಗ ಮತ್ತು ಮೆಟ್ಟಿಲು ಹತ್ತಿಳಿದಾಗ ನೋವು ಹೆಚ್ಚಾಗಿ, ಬೆಳಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲಗೊಳ್ಳುತ್ತಿದ್ದರೆ ಅದು ಹೆಚ್ಚಾಗಿ ಈ ಬಗೆಯದೇ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್ 2022ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಇಷ್ಟು ಲಕ್ಷಣಗಳಿದ್ದು ಬೇರೆ ಅನುಮಾನಕ್ಕೆ ಎಡೆಯಿಲ್ಲದಿದ್ದರೆ ಪತ್ತೆಗಾಗಿ ಎಕ್ಸ್-ರೇಯ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ.

ಆದರೆ ಕೆಲವು ಲಕ್ಷಣಗಳಿದ್ದರೆ ವ್ಯಾಯಾಮಕ್ಕೆ ಕೈಹಾಕದೆ ಮೊದಲು ವೈದ್ಯರನ್ನು ಕಾಣಬೇಕು. ಮಂಡಿ ಒಮ್ಮೆಲೇ ಊದಿಕೊಂಡು ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿದ್ದು ಜ್ವರವೂ ಇದ್ದರೆ ಕೀಲಿನೊಳಗೆ ಸೋಂಕಾಗಿರುವ ಸಾಧ್ಯತೆಯಿದೆ. ಇದು ಒಂದು ದಿನವೂ ಕಾಯಬಾರದ ಸ್ಥಿತಿ. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಬಿದ್ದ ನಂತರ ಕಾಲೂರಲು ಆಗದಿರುವುದು, ಮಂಡಿ ನಡುವೆಯೇ ಸಿಕ್ಕಿಕೊಂಡು ಬಿಡಿಸಲು ಬಾರದಿರುವುದು, ಮಲಗಿದ್ದಾಗಲೂ ಬಿಡದ ನೋವಿನ ಜೊತೆಗೆ ಕಾರಣವಿಲ್ಲದೆ ತೂಕ ಇಳಿಯುವುದು ಕೂಡ ಅದೇ ಸಾಲಿಗೆ ಸೇರುತ್ತವೆ. ಬೆಳಗಿನ ಬಿಗಿತ ಗಂಟೆಗಟ್ಟಲೆ ಇದ್ದು, ಎರಡೂ ಕೈಗಳ ಬೆರಳ ಗೆಣ್ಣುಗಳೂ ಊದುತ್ತಿದ್ದರೆ ಅದು ರುಮಟಾಯ್ಡ್ ಸಂಧಿವಾತವಾಗಿರಬಹುದು. ಅದಕ್ಕೆ ಬೇರೆಯದೇ ಔಷಧಿಗಳಿವೆ ಮತ್ತು ಅವನ್ನು ತಡಮಾಡದೆ ಆರಂಭಿಸಬೇಕಾಗುತ್ತದೆ. ಹೃದಯದ ತೊಂದರೆ ಇರುವವರು, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ತಮ್ಮ ವೈದ್ಯರಿಗೆ ತಿಳಿಸಿಯೇ ಮುಂದುವರಿಯಬೇಕು.

ಸವೆದ ಮಂಡಿಗೆ ಚಲನೆ ಏಕೆ ಬೇಕು

ಎಕ್ಸ್-ರೇಯಲ್ಲಿ ಸವೆತ ಕಂಡಿದೆ ಎಂದು ಕೇಳಿದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸ ನಡೆಯುವುದನ್ನು ಕಡಿಮೆ ಮಾಡುವುದು. ನಡೆದಷ್ಟೂ ಇನ್ನಷ್ಟು ಸವೆಯುತ್ತದೆ ಎಂಬ ಲೆಕ್ಕಾಚಾರ ಮೇಲ್ನೋಟಕ್ಕೆ ಸರಿಯೆನಿಸಿದರೂ ಕೀಲು ಆ ರೀತಿ ಕೆಲಸ ಮಾಡುವುದಿಲ್ಲ. ಎಲುಬಿನ ತುದಿಗಳನ್ನು ಮುಚ್ಚಿರುವ ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಕೀಲಿನೊಳಗಿನ ಜಾರುದ್ರವದಿಂದಲೇ ಅದು ಪೋಷಣೆ ಪಡೆಯಬೇಕು; ಕಾಲೂರಿದಾಗ ಒತ್ತಿಕೊಂಡು ದ್ರವವನ್ನು ಹೊರಹಾಕಿ, ಭಾರ ಇಳಿದಾಗ ಮತ್ತೆ ಒಳಗೆಳೆದುಕೊಳ್ಳುವ ಮೂಲಕ, ಸ್ಪಂಜಿನಂತೆ, ಅದು ತನ್ನ ಆಹಾರವನ್ನು ತಾನೇ ಪಡೆದುಕೊಳ್ಳುತ್ತದೆ. ಇಡೀ ದಿನ ಕುಳಿತಿರುವ ಮಂಡಿಗೆ ಈ ಪೋಷಣೆ ತಲುಪುವುದು ಕಡಿಮೆ.

ಇನ್ನೊಂದು ಸಂಗತಿಯನ್ನೂ ಮನಸ್ಸಿಗೆ ತಂದುಕೊಳ್ಳಬೇಕು. ಎಕ್ಸ್-ರೇ ಚಿತ್ರಕ್ಕೂ ನೋವಿಗೂ ಇರುವ ನಂಟು ಸಡಿಲವಾದದ್ದು. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು 1957ರಲ್ಲಿ ರೂಪಿಸಿದ ಸೊನ್ನೆಯಿಂದ (ಸವೆತವಿಲ್ಲ) ನಾಲ್ಕರವರೆಗಿನ (ತೀವ್ರ ಸವೆತ) ಶ್ರೇಣಿಯೇ ಇಂದಿಗೂ ಎಕ್ಸ್-ರೇ ವರದಿಗಳಲ್ಲಿ ಬಳಕೆಯಲ್ಲಿದೆ. ಮೂರನೆಯ ಶ್ರೇಣಿಯ ಸವೆತವಿದ್ದೂ ದಿನವಿಡೀ ಗದ್ದೆಯಲ್ಲಿ ದುಡಿಯುವವರಿದ್ದಾರೆ, ಒಂದನೆಯ ಶ್ರೇಣಿಯಲ್ಲೇ ಮೆಟ್ಟಿಲು ಹತ್ತಲಾಗದವರಿದ್ದಾರೆ. ಈ ಅಂತರಕ್ಕೆ ಒಂದು ಮುಖ್ಯ ಕಾರಣ ತೊಡೆಯ ಮುಂಭಾಗದ ಸ್ನಾಯು. ಮಂಡಿ ನೋಯುವಾಗ ಆ ಸ್ನಾಯುವನ್ನು ಪೂರ್ತಿಯಾಗಿ ಬಿಗಿಯುವುದನ್ನು ನರಮಂಡಲವೇ ತಡೆಯುತ್ತದೆ. ಬಳಕೆ ತಪ್ಪಿದ ಸ್ನಾಯು ತೆಳ್ಳಗಾಗುತ್ತದೆ. ತೆಳ್ಳಗಾದ ಸ್ನಾಯು ಹೆಜ್ಜೆಯ ಹೊಡೆತವನ್ನು ತಾಳಿಕೊಳ್ಳಲಾರದೆ ಆ ಹೊಡೆತವನ್ನೆಲ್ಲ ಕೀಲಿಗೇ ಬಿಡುತ್ತದೆ. ಕೀಲು ಮತ್ತಷ್ಟು ನೋಯುತ್ತದೆ. ಸವೆತವನ್ನು ಹಿಂದಿರುಗಿಸುವ ಔಷಧಿ ಇಂದು ನಮ್ಮ ಬಳಿ ಇಲ್ಲ, ಆದರೆ ಈ ಸುತ್ತನ್ನು ಮುರಿಯುವುದು ಸಾಧ್ಯ. ಅಂದ ಹಾಗೆ, ಮಡಚುವಾಗ ಕೇಳಿಸುವ ಕಟಕಟ ಸದ್ದಿಗೆ ಹೆದರಬೇಕಾಗಿಲ್ಲ. ನೋವಾಗಲಿ ಊತವಾಗಲಿ ಜೊತೆಗಿರದಿದ್ದರೆ ಆ ಸದ್ದಿಗೆ ಚಿಕಿತ್ಸೆ ಬೇಡ.

ಮೊದಲ ದಿನದ ಅಳತೆ

ಗೋಡೆಗೆ ಒರಗಿಸಿಟ್ಟ, ಸುಮಾರು ಹದಿನೇಳು ಇಂಚು ಎತ್ತರದ, ಕೈಯಿಲ್ಲದ ಗಟ್ಟಿ ಕುರ್ಚಿಯೊಂದನ್ನು ಆರಿಸಿಕೊಳ್ಳಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿಟ್ಟು, ಮೂವತ್ತು ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿಯಾಗಿ ಎದ್ದು ನಿಂತು ಕೂರಲು ಸಾಧ್ಯವಾಗುತ್ತದೆ ಎಂದು ಮನೆಯವರೊಬ್ಬರು ಎಣಿಸಲಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಇದೇ ಪರೀಕ್ಷೆಯನ್ನು ಹಿರಿಯರು ಬೀಳುವ ಅಪಾಯವನ್ನು ಅಂದಾಜು ಮಾಡಲು ಬಳಸುತ್ತದೆ. ಅದರ ಪಟ್ಟಿಯ ಪ್ರಕಾರ 60ರಿಂದ 64ರ ವಯಸ್ಸಿನ ಮಹಿಳೆಯರಲ್ಲಿ 12ಕ್ಕಿಂತ ಕಡಿಮೆ, ಪುರುಷರಲ್ಲಿ 14ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ. ಕೈ ಊರದೆ ಒಮ್ಮೆಯೂ ಏಳಲಾಗದಿದ್ದರೆ ಸೊನ್ನೆ ಎಂದೇ ಬರೆದುಕೊಳ್ಳಿ, ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಅದೇ ಹಾಳೆಯಲ್ಲಿ ಇನ್ನೆರಡು ವಿಷಯ ಇರಲಿ: ನಿಲ್ಲದೆ ಎಷ್ಟು ನಿಮಿಷ ನಡೆಯಬಲ್ಲಿರಿ, ಮತ್ತು ಯಾವ ಒಂದು ಕೆಲಸವನ್ನು ಮರಳಿ ಮಾಡುವಂತಾಗಬೇಕೆಂಬ ಆಸೆ ನಿಮಗಿದೆ. ದೇವಸ್ಥಾನದ ಮೆಟ್ಟಿಲು ಹತ್ತುವುದೋ, ಮೊಮ್ಮಗುವನ್ನು ಎತ್ತಿಕೊಳ್ಳುವುದೋ, ತೋಟದ ಆಚೆ ಬದಿಯವರೆಗೆ ಹೋಗಿ ಬರುವುದೋ, ಅದು ನಿಮ್ಮದೇ ಆಗಿರಬೇಕು. ನೋವು ಕಡಿಮೆಯಾಗಬೇಕು ಎಂಬ ಗುರಿಗಿಂತ ಇಂಥ ಗುರಿ ಬಹಳ ದೂರ ಕೊಂಡೊಯ್ಯುತ್ತದೆ.

ಕುರ್ಚಿಯಿಂದ ಏಳುವ ವ್ಯಾಯಾಮ

ಮಂಡಿನೋವಿಗೆ ಒಂದೇ ವ್ಯಾಯಾಮ ಆರಿಸಬೇಕಾಗಿ ಬಂದರೆ ನಾನು ಇದನ್ನೇ ಆರಿಸುತ್ತೇನೆ. ತೊಡೆಯ ಮುಂಭಾಗ, ಪೃಷ್ಠ, ಬೆನ್ನಿನ ಕೆಳಭಾಗ ಮೂರೂ ಒಟ್ಟಿಗೆ ದುಡಿಯುತ್ತವೆ. ದಿನನಿತ್ಯದ ಬದುಕಿನಲ್ಲಿ ಅತ್ಯಂತ ಹೆಚ್ಚು ಸಲ ಬೇಕಾಗುವ ಚಲನೆಯೂ ಇದೇ. ಹಾಗಾಗಿ ಇದನ್ನು ಸರಿಯಾಗಿ ಕಲಿಯಲು ಒಂದು ವಾರವನ್ನೇ ಕೊಟ್ಟರೂ ನಷ್ಟವಿಲ್ಲ.

ಕುರ್ಚಿಯ ಮುಂದಿನ ಅರ್ಧಭಾಗಕ್ಕೆ ಸರಿದು ಕುಳಿತುಕೊಳ್ಳಿ. ಪಾದಗಳ ನಡುವೆ ಸೊಂಟದಷ್ಟು ಅಗಲ ಇರಲಿ, ಹಿಮ್ಮಡಿಗಳು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಬರಲಿ. ನೋವಿರುವವರು ಸಾಮಾನ್ಯವಾಗಿ ಪಾದವನ್ನು ಮುಂದಕ್ಕೆ ಚಾಚಿ, ಕೈ ಊರಿ, ಬೆನ್ನನ್ನು ನೆಟ್ಟಗಿಟ್ಟುಕೊಂಡೇ ಏಳಲು ಹೆಣಗುತ್ತಾರೆ. ಆಗ ಭಾರವೆಲ್ಲ ಮಂಡಿಚಿಪ್ಪಿನ ಹಿಂದೆ ಬೀಳುತ್ತದೆ. ಬದಲಿಗೆ ಸೊಂಟದಿಂದ ಮುಂದಕ್ಕೆ ಬಾಗಿ, ಮೂಗು ಕಾಲ್ಬೆರಳುಗಳ ನೇರಕ್ಕೆ ಬಂದ ಮೇಲೆ ಹಿಮ್ಮಡಿಗಳಿಂದ ನೆಲವನ್ನು ಒತ್ತಿ ಮೇಲೇಳಬೇಕು. ಏಳುವಾಗ ಮಂಡಿಗಳು ಒಳಕ್ಕೆ ವಾಲಿ ಒಂದಕ್ಕೊಂದು ಹತ್ತಿರವಾಗದಂತೆ, ಪಾದದ ಎರಡನೆಯ ಬೆರಳಿನ ನೇರಕ್ಕೇ ಇರುವಂತೆ ಗಮನಿಸಬೇಕು. ಎದ್ದು ನಿಂತಾಗ ಪೃಷ್ಠವನ್ನು ಒಮ್ಮೆ ಬಿಗಿಹಿಡಿಯಿರಿ. ಕೂರುವುದು ಏಳುವುದಕ್ಕಿಂತಲೂ ಮುಖ್ಯವಾದ ಭಾಗ: ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಾ ಇಳಿಯಬೇಕೇ ಹೊರತು ಕೊನೆಯಲ್ಲಿ ಧೊಪ್ಪನೆ ಕುರ್ಚಿಗೆ ಬೀಳಬಾರದು. ಆ ಕೊನೆಯ ನಾಲ್ಕು ಬೆರಳಿನಷ್ಟು ದೂರದಲ್ಲೇ ಸ್ನಾಯು ಹೆಚ್ಚು ದುಡಿಯುವುದು.

ಕಷ್ಟವಾದರೆ ಕುರ್ಚಿಯ ಮೇಲೆ ಜಮಖಾನೆಯನ್ನು ಮಡಚಿಟ್ಟು ಎತ್ತರ ಹೆಚ್ಚಿಸಿಕೊಳ್ಳಿ. ಎತ್ತರ ಹೆಚ್ಚಿದಷ್ಟೂ ಮಂಡಿಯ ಮೇಲಿನ ಭಾರ ಕಡಿಮೆ. ಮೊದಲ ಎರಡು ವಾರ ಎಂಟರಿಂದ ಹತ್ತು ಸಲ, ನಡುವೆ ಒಂದೆರಡು ನಿಮಿಷ ಬಿಡುವು ಕೊಟ್ಟು ಎರಡು ಸುತ್ತು ಸಾಕು. ಅದು ಸಲೀಸಾದಾಗ ಜಮಖಾನೆಯ ಒಂದೊಂದು ಮಡಿಕೆಯನ್ನು ತೆಗೆಯುತ್ತಾ ಬನ್ನಿ, ಆಮೇಲೆ ಮೂರನೆಯ ಸುತ್ತು ಸೇರಿಸಿ, ಅದೂ ಸುಲಭವಾದ ಮೇಲೆ ಎರಡು ಕಿಲೋ ಅಕ್ಕಿಯ ಚೀಲವನ್ನು ಎದೆಗೆ ಅವಚಿಕೊಂಡು ಮಾಡಿ. ಸುತ್ತಿನ ಕೊನೆಯ ಎರಡು ಮೂರು ಸಲ ನಿಜಕ್ಕೂ ಕಷ್ಟವೆನಿಸಬೇಕು. ತಿಂಗಳುಗಟ್ಟಲೆ ಒಂದೇ ಮಟ್ಟದಲ್ಲಿ ಮಾಡಿದ ವ್ಯಾಯಾಮದಿಂದ ಸ್ನಾಯು ಬೆಳೆಯುವುದಿಲ್ಲ, ಮತ್ತು ಮನೆಯಲ್ಲಿ ವ್ಯಾಯಾಮ ಮಾಡಿಯೂ ಪ್ರಯೋಜನ ಕಾಣದವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ.

ಜೊತೆಗಿರಬೇಕಾದ ಉಳಿದ ವ್ಯಾಯಾಮಗಳು

ಏಳಲು ಸಾಧ್ಯವೇ ಆಗದಷ್ಟು ನೋವಿರುವವರು ಹಾಸಿಗೆಯ ಮೇಲೆ ಆರಂಭಿಸಬಹುದು. ಕಾಲು ಚಾಚಿ ಮಲಗಿ, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಅದನ್ನು ಹಾಸಿಗೆಗೆ ಒತ್ತುವಂತೆ ತೊಡೆಯನ್ನು ಬಿಗಿದು ಐದು ಸೆಕೆಂಡು ಹಿಡಿದು ಬಿಡಬೇಕು. ಇನ್ನೊಂದು ಕಾಲನ್ನು ಮಡಚಿಟ್ಟುಕೊಂಡು, ನೋಯುವ ಕಾಲನ್ನು ಮಂಡಿ ಬಾಗದಂತೆ ಒಂದು ಅಡಿಯಷ್ಟು ಮೇಲೆತ್ತಿ ನಿಧಾನವಾಗಿ ಇಳಿಸುವುದು ಎರಡನೆಯದು. ಎರಡನ್ನೂ ಹತ್ತು ಹತ್ತು ಸಲ ಮಾಡಿ, ಉಸಿರು ಬಿಗಿಹಿಡಿಯಬಾರದು.

ನಿಂತು ಮಾಡುವಂಥವುಗಳಿಗೆ ಅಡುಗೆಮನೆಯ ಕಟ್ಟೆಯೇ ಸೂಕ್ತ ಜಾಗ. ಅದನ್ನು ಹಿಡಿದುಕೊಂಡು ಎರಡೂ ಹಿಮ್ಮಡಿಗಳನ್ನು ಎತ್ತಿ ಇಳಿಸುವುದು ಮೀನಖಂಡಕ್ಕೆ, ದೇಹವನ್ನು ವಾಲಿಸದೆ ಒಂದು ಕಾಲನ್ನು ಪಕ್ಕಕ್ಕೆ ಎತ್ತುವುದು ಸೊಂಟದ ಪಕ್ಕದ ಸ್ನಾಯುಗಳಿಗೆ. ಈ ಎರಡನೆಯದನ್ನು ಹಲವರು ಬಿಟ್ಟುಬಿಡುತ್ತಾರೆ, ಆದರೆ ನಡೆಯುವಾಗ ದೇಹ ಒಂದು ಕಡೆಗೆ ತೂಗಾಡುವವರಿಗೆ ಇದು ತೀರಾ ಅಗತ್ಯ. ಕೊನೆಗೆ, ಬೇಕೆಂದಾಗ ಹಿಡಿಯುವಂತೆ ಕೈಯನ್ನು ಕಟ್ಟೆಯ ಮೇಲೆಯೇ ಸುಳಿಸುತ್ತಾ, ಒಂದು ಪಾದದ ಮುಂದೆ ಇನ್ನೊಂದು ಪಾದವನ್ನು ತಾಗಿಸಿ ಅರ್ಧ ನಿಮಿಷ ನಿಲ್ಲುವುದು ಸಮತೋಲನಕ್ಕೆ. ಬಲವರ್ಧನೆಯ ವ್ಯಾಯಾಮಗಳು ವಾರಕ್ಕೆ ಮೂರು ದಿನ ಸಾಕು; ನಡುವಿನ ದಿನ ಸ್ನಾಯು ಚೇತರಿಸಿಕೊಳ್ಳುತ್ತದೆ.

ಉಳಿದ ದಿನಗಳು ನಡಿಗೆಗೆ. ಅರವತ್ತೈದು ದಾಟಿದವರೂ ಸೇರಿದಂತೆ ವಯಸ್ಕರೆಲ್ಲರಿಗೂ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆ ಸಂಖ್ಯೆ ನೋಡಿ ಎದೆಗುಂದಬೇಡಿ. ಈಗ ಎಂಟು ನಿಮಿಷ ನಡೆಯಬಲ್ಲವರು ಆರು ನಿಮಿಷಗಳ ಎರಡು ನಡಿಗೆಯಿಂದ ಆರಂಭಿಸಿ, ವಾರಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸುತ್ತಾ ಹೋದರೆ ಹನ್ನೆರಡನೆಯ ವಾರಕ್ಕೆ ಗಣನೀಯವಾದ ಬದಲಾವಣೆ ಕಾಣುತ್ತದೆ. ಒಂದು ಕಡೆ ಸವೆದು ವಾಲಿದ ಚಪ್ಪಲಿಯನ್ನು ಹಾಕಿಕೊಂಡು ಮಾತ್ರ ನಡೆಯಬೇಡಿ.

ನೋವು ಎಷ್ಟಾದರೆ ನಿಲ್ಲಿಸಬೇಕು

ಸೊನ್ನೆಯಿಂದ ಹತ್ತರ ಅಳತೆಯಲ್ಲಿ, ಸೊನ್ನೆಯೆಂದರೆ ನೋವೇ ಇಲ್ಲ, ಹತ್ತೆಂದರೆ ಊಹಿಸಬಹುದಾದ ಅತಿ ಕೆಟ್ಟ ನೋವು ಎಂದಿಟ್ಟುಕೊಳ್ಳಿ. ವ್ಯಾಯಾಮದ ವೇಳೆಯ ನೋವು ಎರಡರವರೆಗೆ ಇದ್ದರೆ ನಿಶ್ಚಿಂತೆಯಿಂದ ಮುಂದುವರಿಸಬಹುದು. ಐದರವರೆಗೂ ಸಹಿಸಬಹುದಾದದ್ದೇ, ಆದರೆ ಒಂದು ಷರತ್ತಿದೆ: ಮರುದಿನ ಅದೇ ಹೊತ್ತಿಗೆ ನೋವು ಮೊದಲಿದ್ದ ಮಟ್ಟಕ್ಕೆ ಇಳಿದಿರಬೇಕು. ಐದನ್ನು ದಾಟಿದರೆ, ಇಲ್ಲವೇ ಇಪ್ಪತ್ತನಾಲ್ಕು ಗಂಟೆಯಾದರೂ ಇಳಿಯದಿದ್ದರೆ ಅಥವಾ ಮಂಡಿ ಊದಿಕೊಂಡರೆ, ಮುಂದಿನ ಸಲ ಸುತ್ತುಗಳನ್ನು ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸುವುದು ಬೇಡ. ತೊಡೆಯಲ್ಲಿ ಒಂದೆರಡು ದಿನ ಕಾಣಿಸುವ ಮೈಕೈ ನೋವಿನಂಥ ನೋವು ಸ್ನಾಯುವಿನದು, ಅದನ್ನು ಕೀಲಿನ ನೋವಿನೊಂದಿಗೆ ಗೊಂದಲ ಮಾಡಿಕೊಳ್ಳಬಾರದು.

ಈ ಒಂದು ನಿಯಮವನ್ನು ಅರಿತವರ ಭಯ ಬಹುಪಾಲು ಇಳಿಯುತ್ತದೆ ಎಂಬ ಕಾರಣಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಡೆನ್ಮಾರ್ಕ್‌ನಲ್ಲಿ 2013ರಲ್ಲಿ ಆರಂಭವಾಗಿ ಈಗ ಹಲವು ದೇಶಗಳಿಗೆ ಹರಡಿರುವ ಗ್ಲ್ಯಾಡ್ ಎಂಬ ಕಾರ್ಯಕ್ರಮದಲ್ಲಿಯೂ ರೋಗಿಗಳಿಗೆ ಮೊದಲು ಕೀಲಿನ ಬಗ್ಗೆ ತಿಳಿವಳಿಕೆ ನೀಡಿ, ನಂತರ ವಾರಕ್ಕೆ ಎರಡು ಸಲದಂತೆ ಆರು ವಾರ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿಸಲಾಗುತ್ತದೆ. ತಿಳಿವಳಿಕೆಗೂ ಚಿಕಿತ್ಸೆಯಷ್ಟೇ ಜಾಗ ಅಲ್ಲಿ ಸಿಕ್ಕಿದೆ.

ಮನೆ, ಬಚ್ಚಲು, ದುಡಿಮೆಯ ಜಾಗ

ನಮ್ಮ ಬದುಕು ನೆಲಕ್ಕೆ ಹತ್ತಿರವಾದದ್ದು. ಉತ್ತರ ಕರ್ನಾಟಕದಲ್ಲಿ ನೆಲದ ಒಲೆಯ ಮುಂದೆ ಕುಳಿತು ರೊಟ್ಟಿ ತಟ್ಟುವವರು, ಮಲೆನಾಡಿನಲ್ಲಿ ಗಂಟೆಗಟ್ಟಲೆ ಅಡಿಕೆ ಸುಲಿಯುವವರು, ಕರಾವಳಿಯಲ್ಲಿ ಗೆರಸೆಯನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟುವವರು, ಬಯಲುಸೀಮೆಯಲ್ಲಿ ಕುಕ್ಕರಗಾಲಿನಲ್ಲಿ ಸಾಲು ಸಾಲು ಕಳೆ ತೆಗೆಯುವವರು, ಇವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ನೆಲದ ಮೇಲೆ ಕೂರಲೇಬೇಡಿ ಎಂದು ಅವರಿಗೆ ಹೇಳುವುದು ಸುಲಭ, ಪಾಲಿಸುವುದು ಅಸಾಧ್ಯ. ನೋವು ಹೆಚ್ಚಿರುವ ವಾರಗಳಲ್ಲಿ ಮಂಡಿಯನ್ನು ಪೂರ್ತಿ ಮಡಚಿ ಬಹಳ ಹೊತ್ತು ಇರುವುದನ್ನು ತಪ್ಪಿಸಿ, ಉಳಿದಂತೆ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಭಂಗಿ ಬದಲಿಸುವುದು ಕಾರ್ಯಸಾಧ್ಯವಾದ ದಾರಿ. ಕಳೆ ತೆಗೆಯುವಾಗ ಅರ್ಧ ಅಡಿ ಎತ್ತರದ ಮಣೆಯನ್ನು ಜೊತೆಗೊಯ್ದರೂ ಮಂಡಿಯ ಮಡಿಕೆ ಕಡಿಮೆಯಾಗುತ್ತದೆ. ಈಳಿಗೆ ಮಣೆಯನ್ನು ಗಟ್ಟಿಯಾದ ಮೇಜಿನ ಮೇಲಿಟ್ಟು, ಪಕ್ಕದ ಎತ್ತರದ ಸ್ಟೂಲಿನಲ್ಲಿ ಕುಳಿತು ತೆಂಗಿನಕಾಯಿ ತುರಿಯುವವರಿದ್ದಾರೆ, ಚೆನ್ನಾಗಿಯೇ ಸಾಗುತ್ತದೆ.

ಬಚ್ಚಲು ಮತ್ತು ಶೌಚಾಲಯಕ್ಕೆ ಮೊದಲ ಹಣ ಖರ್ಚಾಗಲಿ. ನೆಲಮಟ್ಟದ ಶೌಚಾಲಯವನ್ನು ಒಡೆಸಲಾಗದಿದ್ದರೆ ಅದರ ಮೇಲೆ ಇಡುವ ಕಮೋಡ್ ಸ್ಟೂಲ್ ಸಿಗುತ್ತದೆ; ಪಕ್ಕದ ಗೋಡೆಗೆ ಹಿಡಿಕೆಯೊಂದನ್ನು ಭದ್ರವಾಗಿ ಹಾಕಿಸಬೇಕು. ನಲ್ಲಿಯ ಕೊಳವೆಯನ್ನು ಹಿಡಿದು ಏಳುವ ಅಭ್ಯಾಸ ಅಪಾಯಕಾರಿ. ಹೊಸ್ತಿಲಿನ ಬಳಿ ಬೆಳಕಿರಲಿ, ಜಾರುವ ಕಾಲೊರಸನ್ನು ತೆಗೆದುಹಾಕಿ.

ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಊರುಗೋಲು ಬಳಸುವವರು ಅದನ್ನು ನೋವಿನ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿದು, ನೋವಿನ ಕಾಲನ್ನು ಇಡುವಾಗಲೇ ಕೋಲನ್ನೂ ಊರಬೇಕು. ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಕೋಲಿನ ಹಿಡಿ ಬರುವಂತಿದ್ದರೆ ಎತ್ತರ ಸರಿಯಾಗಿದೆ. ಕೋಲು ಹಿಡಿಯಲು ನಾಚಿ ಮನೆಯಲ್ಲೇ ಉಳಿಯುವುದಕ್ಕಿಂತ ಕೋಲು ಹಿಡಿದು ಹೊರಗೆ ನಡೆಯುವುದು ಮಂಡಿಗೂ ಮನಸ್ಸಿಗೂ ಒಳ್ಳೆಯದು.

ತೂಕ, ಊಟ, ನಿದ್ದೆ

ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ಥೂಲಕಾಯದ ಹಿರಿಯರಲ್ಲಿ ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ಐದು ಕಿಲೋ ಇಳಿಸಿದವರ ಮಂಡಿಗೆ ಹೆಜ್ಜೆಯೊಂದಕ್ಕೆ ಇಪ್ಪತ್ತು ಕಿಲೋ ಹಗುರ. ಆದರೆ ಉಪವಾಸದಿಂದ ತೂಕ ಇಳಿಸಲು ಹೊರಟರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಅದು ಮಂಡಿಗೆ ಮಾಡುವ ದ್ರೋಹ. ನಮ್ಮ ಹಿರಿಯರ ತಟ್ಟೆಯಲ್ಲಿ ಅನ್ನ ತಿಳಿಸಾರು ಹೆಚ್ಚು, ಪ್ರೋಟೀನ್ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎಂದು ನಿಗದಿ ಮಾಡಿದೆ. ವಯಸ್ಸಾದವರಿಗೆ ಒಂದು ಗ್ರಾಂ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಬೇಕೆಂಬುದು ಅನೇಕ ತಜ್ಞರ ನಿಲುವು. ಅರವತ್ತು ಕಿಲೋ ತೂಕದವರು ಅರವತ್ತು ಗ್ರಾಂ ತಲುಪಬೇಕಾದರೆ ಎರಡು ಹೊತ್ತೂ ಗಟ್ಟಿಯಾದ ಬೇಳೆ ಹುಳಿ ಅಥವಾ ಮೊಳಕೆ ಬರಿಸಿದ ಹುರುಳಿ, ಹೆಸರುಕಾಳಿನ ಪಲ್ಯ, ಮೊಸರು, ಹಾಲು, ತಿನ್ನುವವರಿಗೆ ಮೊಟ್ಟೆ ಅಥವಾ ಮೀನು, ಇವು ಲೆಕ್ಕಕ್ಕೆ ಬರಬೇಕು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಪ್ರೋಟೀನ್ ಇರುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ, ಆದರೆ ಮುದ್ದೆಯ ಗಾತ್ರವನ್ನು ಸ್ವಲ್ಪ ಕಿರಿದಾಗಿಸಿ ಜೊತೆಗಿನ ಕಾಳುಸಾರನ್ನು ಹೆಚ್ಚಿಸಿಕೊಳ್ಳಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ನಿದ್ದೆಗೆಟ್ಟ ಮರುದಿನ ಅದೇ ಮಂಡಿ ಹೆಚ್ಚು ನೋಯುವುದನ್ನು ಅನುಭವಿಸದವರಿಲ್ಲ. ನಿದ್ದೆ ಸಾಲದಿದ್ದಾಗ ನರಮಂಡಲ ನೋವಿನ ಸೂಚನೆಗಳನ್ನು ತಡೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮಗ್ಗುಲಾಗಿ ಮಲಗುವವರು ಎರಡು ಮಂಡಿಗಳ ನಡುವೆ ದಿಂಬಿಟ್ಟುಕೊಂಡರೆ ಆರಾಮ ಸಿಗುತ್ತದೆ. ಅಂಗಾತ ಮಲಗಿ ಮಂಡಿಯ ಕೆಳಗೆ ದಪ್ಪ ದಿಂಬನ್ನು ರಾತ್ರಿಯಿಡೀ ಇಟ್ಟುಕೊಳ್ಳಬೇಡಿ. ಮಂಡಿ ಅರ್ಧ ಮಡಚಿದ ಸ್ಥಿತಿಯಲ್ಲೇ ಗಟ್ಟಿಯಾಗಿ, ಕಾಲು ಪೂರ್ತಿ ನೇರವಾಗುವುದು ತಪ್ಪಿಹೋಗುತ್ತದೆ. ಮಧ್ಯಾಹ್ನದ ಎರಡು ಗಂಟೆಗಳ ನಿದ್ದೆಯನ್ನು ಅರ್ಧ ಗಂಟೆಗೆ, ಸಂಜೆಯ ಕಾಫಿಯನ್ನು ಮಧ್ಯಾಹ್ನಕ್ಕೆ ಸರಿಸಿದರೆ ಹಲವರಿಗೆ ಅಷ್ಟೇ ಸಾಕಾಗುತ್ತದೆ.

ಮನೆಯವರ ಪಾತ್ರ

"ಅತ್ತೆ, ನೀವು ಏಳಬೇಡಿ, ನೀರು ನಾನೇ ತಂದುಕೊಡ್ತೀನಿ" ಎಂಬ ಮಾತಿನಲ್ಲಿ ಪ್ರೀತಿ ತುಂಬಿದೆ. ಆದರೆ ದಿನಕ್ಕೆ ಹತ್ತು ಸಲ ಹೀಗೆ ಹೇಳಿದಾಗ ಆ ಹಿರಿಯರು ಹತ್ತು ಸಲ ಏಳುವುದು ತಪ್ಪುತ್ತದೆ, ಜೊತೆಗೆ ತಮ್ಮಿಂದ ಇನ್ನು ಆಗದು ಎಂಬ ಭಾವನೆಯೂ ಬೇರೂರುತ್ತದೆ. "ಬನ್ನಿ ಅತ್ತೆ, ಇಬ್ಬರೂ ಅಡುಗೆಮನೆಯವರೆಗೆ ಹೋಗಿ ಬರೋಣ" ಎನ್ನುವುದೂ ಪ್ರೀತಿಯೇ, ಮತ್ತು ಮಂಡಿಗೆ ಬೇಕಾಗಿರುವುದು ಆ ಬಗೆಯ ಪ್ರೀತಿ. ಭಾರ ಎತ್ತುವುದು, ಒದ್ದೆ ನೆಲ ಒರೆಸುವುದು ಇಂಥವನ್ನು ಮನೆಯವರು ವಹಿಸಿಕೊಂಡು, ಏಳುವ, ನಡೆಯುವ, ನಿಂತು ಮಾಡುವ ಹಗುರ ಕೆಲಸಗಳನ್ನು ಅವರಿಗೇ ಬಿಡಬೇಕು. ಮಗನೋ ಮಗಳೋ ದೂರದ ಊರಿನಲ್ಲಿದ್ದರೆ ಫೋನಿನಲ್ಲಿ ನೋವು ಹೇಗಿದೆ ಎಂಬ ಪ್ರಶ್ನೆಯೊಂದನ್ನೇ ಕೇಳದೆ, ಇವತ್ತು ಎಷ್ಟು ಹೊತ್ತು ನಡೆದಿರಿ, ಯಾರು ಸಿಕ್ಕರು ಎಂದೂ ಕೇಳಲಿ. ನೋವಿನ ಕಾರಣಕ್ಕೆ ಮದುವೆ ಮನೆಗಳಿಗೂ ಜಾತ್ರೆಗೂ ಹೋಗುವುದನ್ನು ಬಿಟ್ಟವರಲ್ಲಿ ಖಿನ್ನತೆ ಸದ್ದಿಲ್ಲದೆ ಬೆಳೆಯುತ್ತದೆ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಅದಿಲ್ಲದೆ ವ್ಯಾಯಾಮ ಮುಂದುವರಿಯುವುದಿಲ್ಲ.

ಯಂತ್ರ, ಮಾತ್ರೆ, ಎಣ್ಣೆ, ಯೋಗ

ಐಎಫ್‌ಟಿ, ಅಲ್ಟ್ರಾಸೌಂಡ್‌ನಂಥ, ಕರೆಂಟ್ ಅಥವಾ ಧ್ವನಿತರಂಗ ಕೊಡುವ ಯಂತ್ರಗಳಿಂದ ಮಂಡಿಯ ಸಂಧಿವಾತಕ್ಕೆ ಸಾಕಷ್ಟು ಪ್ರಯೋಜನವಿದೆ ಎಂಬುದಕ್ಕೆ ಪುರಾವೆ ಇಲ್ಲವೆಂದು ನೈಸ್ ಮಾರ್ಗಸೂಚಿ ಅವುಗಳನ್ನು ಶಿಫಾರಸು ಮಾಡುವುದಿಲ್ಲ. ಕೀಲಿಗೆಂದು ಮಾರುವ ಗ್ಲೂಕೋಸಮೈನ್ ಮಾತ್ರೆಗಳ ಬಗ್ಗೆಯೂ ಅದರ ಮಾತು ಅದೇ. ಆದ್ದರಿಂದ ಫಿಸಿಯೋಥೆರಪಿಸ್ಟರನ್ನು ಆರಿಸುವಾಗ ಯಂತ್ರಗಳನ್ನು ಎಣಿಸಬೇಡಿ. ಮೊದಲ ಭೇಟಿಯಲ್ಲಿ ನಿಮ್ಮನ್ನು ನಡೆಸಿ ನೋಡಿದರೇ, ಸೊಂಟ ಮತ್ತು ಪಾದವನ್ನೂ ಪರೀಕ್ಷಿಸಿದರೇ, ಮನೆಯಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರೇ, ವ್ಯಾಯಾಮವನ್ನು ನಿಮ್ಮಿಂದಲೇ ಮಾಡಿಸಿ ತಿದ್ದಿದರೇ ಎಂದು ಗಮನಿಸಿ. ಅವರು ಫಿಸಿಯೋಥೆರಪಿಯ ಬಿಪಿಟಿ ಅಥವಾ ಎಂಪಿಟಿ ಪದವಿ ಪಡೆದವರೇ ಎಂದು ಕೇಳಲು ಹಿಂಜರಿಯಬೇಕಾಗಿಲ್ಲ.

ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್‌ನಂಥ ನೋವಿನ ಮಾತ್ರೆಗಳನ್ನು ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಗೆ, ಮೂತ್ರಪಿಂಡಕ್ಕೆ, ರಕ್ತದೊತ್ತಡಕ್ಕೆ ಅಪಾಯಕರ. ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೂ ಹೆಚ್ಚು. ಮಂಡಿಗೆ ಹಚ್ಚುವ ಡೈಕ್ಲೋಫಿನಾಕ್ ಜೆಲ್ ಹೆಚ್ಚು ಸುರಕ್ಷಿತವಾದ ಮೊದಲ ಆಯ್ಕೆ. ಬಿಸಿ ನೀರಿನ ಶಾಖ, ಮನೆಯ ಎಣ್ಣೆಯ ನೀವುವಿಕೆ ಎರಡೂ ಸ್ವಲ್ಪ ಹೊತ್ತು ಹಾಯೆನಿಸುತ್ತವೆ, ಆ ಹಾಯಾದ ಅರ್ಧ ಗಂಟೆಯಲ್ಲಿ ವ್ಯಾಯಾಮ ಮಾಡಿ ಮುಗಿಸುವುದು ಅವುಗಳ ಅತ್ಯುತ್ತಮ ಬಳಕೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುವವರು ಶಾಖ ಕೊಟ್ಟುಕೊಳ್ಳುವಾಗ ಚರ್ಮ ಸುಟ್ಟುಕೊಳ್ಳದಂತೆ ಎಚ್ಚರ ವಹಿಸಬೇಕು.

ಯೋಗ ಮಾಡಬಹುದೇ ಎಂದು ಕೇಳುವವರು ಬಹಳ. ಖಂಡಿತ ಮಾಡಬಹುದು, ಆದರೆ ಪದ್ಮಾಸನ, ವಜ್ರಾಸನಗಳಂತೆ ಮಂಡಿಯನ್ನು ತೀರಾ ಮಡಚುವ ಆಸನಗಳನ್ನು ನೋವಿನ ಕಾಲದಲ್ಲಿ ಬಿಟ್ಟು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಕುರ್ಚಿ, ಪಟ್ಟಿ, ಮರದ ಇಟ್ಟಿಗೆಗಳನ್ನು ಆಸರೆಯಾಗಿ ಬಳಸಿ, ಮೈ ಬಾಗದವರಿಗೂ ಕಾಯಿಲೆಯವರಿಗೂ ಆಸನಗಳನ್ನು ಎಟುಕುವಂತೆ ಮಾಡಿದರು. ಆ ವಿವೇಕವನ್ನು ನಮ್ಮ ಊರಿನ ಯೋಗ ತರಗತಿಗಳೂ ಹಿರಿಯರ ವಿಷಯದಲ್ಲಿ ಪಾಲಿಸಬೇಕು.

ಹನ್ನೆರಡನೆಯ ವಾರ ಮತ್ತು ಅನಂತರ

ಮೊದಲ ಎರಡು ಮೂರು ವಾರಗಳಲ್ಲಿ ನೋವಿನಲ್ಲಿ ವ್ಯತ್ಯಾಸ ಕಾಣದೆ ಹೋಗಬಹುದು. ಆರರಿಂದ ಎಂಟನೆಯ ವಾರದ ಹೊತ್ತಿಗೆ ಏಳುವುದು ಕೂರುವುದು ಹಗುರವಾದದ್ದು ಗೊತ್ತಾಗುತ್ತದೆ. ನಡುವೆ ಒಂದು ದಿನ, ದೂರದ ಪ್ರಯಾಣದ ನಂತರವೋ ಹಬ್ಬದ ಕೆಲಸದ ನಂತರವೋ, ನೋವು ಕೆರಳಿಯೇ ಕೆರಳುತ್ತದೆ. ಆಗ ಎರಡು ಮೂರು ದಿನ ಕುರ್ಚಿಯ ವ್ಯಾಯಾಮವನ್ನು ಬಿಟ್ಟು ಹಾಸಿಗೆಯ ಮೇಲಿನ ಎರಡನ್ನು ಮಾಡಿ, ಊತವಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಟ್ಟು, ಮನೆಯೊಳಗಿನ ಓಡಾಟವನ್ನು ಮುಂದುವರಿಸಿ, ಆಮೇಲೆ ಹಿಂದಿನ ವಾರದ ಮಟ್ಟದಿಂದ ಮತ್ತೆ ಹೊರಡಬೇಕು.

ಹನ್ನೆರಡು ವಾರ ಮುಗಿದಾಗ ಮೊದಲ ದಿನದ ಹಾಳೆಯನ್ನು ತೆಗೆದು, ಅದೇ ಕುರ್ಚಿಯಲ್ಲಿ ಅದೇ ಮೂವತ್ತು ಸೆಕೆಂಡಿನ ಪರೀಕ್ಷೆ ಮಾಡಿ. ಸಂಖ್ಯೆ ಏರಿದ್ದರೆ ವಾರಕ್ಕೆ ಎರಡು ದಿನದ ವ್ಯಾಯಾಮವನ್ನು ಶಾಶ್ವತವಾಗಿ ಇಟ್ಟುಕೊಳ್ಳಿ. ಬಿಟ್ಟರೆ ಗಳಿಸಿದ ಬಲ ಕೆಲವೇ ತಿಂಗಳಲ್ಲಿ ಕರಗುತ್ತದೆ. ಪ್ರಾಮಾಣಿಕವಾಗಿ ಮಾಡಿಯೂ ರಾತ್ರಿ ನಿದ್ದೆಗೆಡಿಸುವ ನೋವು ಉಳಿದು, ಮನೆಯೊಳಗಿನ ಓಡಾಟವೇ ಕಷ್ಟವಾಗಿದ್ದರೆ ಮೂಳೆ ತಜ್ಞರೊಂದಿಗೆ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯ ಬಗ್ಗೆ ಮಾತನಾಡುವ ಕಾಲ ಬಂದಿದೆ ಎಂದರ್ಥ, ಅದರಲ್ಲಿ ಸೋಲೇನೂ ಇಲ್ಲ. ಆ ಹಾಳೆಯನ್ನೂ, ಈವರೆಗೆ ನುಂಗಿದ ಮಾತ್ರೆಗಳ ಪಟ್ಟಿಯನ್ನೂ ಅವರಿಗೆ ತೋರಿಸಿ. ದಿನಾಂಕ ನಿಗದಿಯಾದರೂ ಕುರ್ಚಿಯ ವ್ಯಾಯಾಮವನ್ನು ಹಿಂದಿನ ದಿನದವರೆಗೆ, ಶಸ್ತ್ರಚಿಕಿತ್ಸಕರು ಒಪ್ಪಿದಷ್ಟು, ಮುಂದುವರಿಸಿ; ಆಪರೇಷನ್ ಆದ ಮೇಲೆ ಹಾಸಿಗೆಯಿಂದ ಏಳಲು ಬೇಕಾಗುವುದು ಆ ತೊಡೆಯ ಬಲವೇ.